ಹಗೇವಿಗೆ ಇಳಿದ ವಿಜ್ಞಾನ

ಸೀಸೆಯ ಬಿರಡೆ ತೆಗೆದದ್ದೇ ತಡ, ಪಡಸಾಲೆಯಲ್ಲಿ ಕುಳಿತಿದ್ದವರೆಲ್ಲ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಸೀಸೆಯನ್ನಲ್ಲ, ನನ್ನನ್ನು! ಕೊಳೆತ ಮೂಲಂಗಿಯನ್ನು ಗಂಧಕದಲ್ಲಿ ಬೇಯಿಸಿದಂಥ ಆ ನಾತಕ್ಕೆ ಉಗಮಸ್ಥಾನ ನನ್ನ ಹೊಟ್ಟೆಯೇ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಹೊಸದುರ್ಗದಿಂದ ಬಂದಿದ್ದ ಬೀಗರು ಗಂಭೀರವಾಗಿ ಎದ್ದು, "ಹೊತ್ತಾತು, ಹೋಗಾಣ" ಎಂದರು. ಒಳಗೆ ಊಟಕ್ಕೆ ಎಲೆ ಹಾಕಿತ್ತು!

"ವಿಜ್ಞಾನ ಕಣ್ರೀ ಇದು, ವಿಜ್ಞಾನ!" ಎಂದು ಸೀಸೆಯನ್ನು ಎತ್ತಿ ಹಿಡಿದೆ.

"ವಿಜ್ಞಾನಕ್ಕೆ ಜೀರಿಗೆ ಕಷಾಯ ಒಳ್ಳೇದು" ಎಂದರು ಬೀಗರು, ಮೆಟ್ಟು ಮೆಟ್ಟಿಕೊಳ್ಳುತ್ತ.

ಹೊಳಲ್ಕೆರೆಯ ಸ್ಕೂಲಿಗೆ ಹೆಡ್‌ಮಾಸ್ತರನಾದ ನಾನು ಇಂಥ ಅಪಮಾನಕ್ಕೆ ಬಗ್ಗುವ ಆಸಾಮಿಯಲ್ಲ. ಈ ಸೀಸೆಯಿಂದಲೇ ನಮ್ಮೂರು ತಾಳ್ಯದಲ್ಲಿ ಕೀರ್ತಿಧ್ವಜ ನೆಡುತ್ತೇನೆಂದು ಅಲ್ಲೇ ಪಣ ತೊಟ್ಟೆ. ಅದರೊಳಗಿದ್ದದ್ದು ಕಾರ್ಬನ್ ಬೈಸಲ್ಫೈಡ್. ವಿಲಾಯತಿ ಸೀಮೆಯ ಕಾರ್ಖಾನೆಗಳಲ್ಲಿ ರಬ್ಬರು ಕರಗಿಸುವ ದ್ರಾವಕ. ಅದರ ಆವಿಗೆ ಕಾಳಿನ ಹುಳು ಸಾಯುತ್ತದೆಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಬೆಂಗಳೂರಿನಿಂದ ತರಿಸಿದ್ದೆ. ಆ ಕಾರ್ಖಾನೆಗಳ ಕೂಲಿಗಳು ಅದೇ ಆವಿ ಕುಡಿದು ಸುಮ್ಮಸುಮ್ಮನೆ ನಗುತ್ತಾರೆ, ಅಳುತ್ತಾರೆ ಎಂದೂ ಅಲ್ಲೇ ಬರೆದಿತ್ತು. ಸ್ಕೂಲ್ ಮಾಸ್ತರಿಕೆಯಲ್ಲೂ ಅದೆಲ್ಲ ಉಂಟಲ್ಲ ಎಂದು ಪುಟ ಮಗುಚಿದ್ದೆ.

ಇಷ್ಟಕ್ಕೂ ಹುಳು ಬಿದ್ದದ್ದು ನಮ್ಮ ದೊಡ್ಡಪ್ಪ ಅಜ್ಜಪ್ಪನವರ ಹಗೇವಿಗೆ. ಹಗೇವೆಂದರೆ ಮನೆಯ ಮುಂದೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೊಂದು ಬಂಡೆ. ಅದನ್ನು ತೆಗೆಯುವುದಕ್ಕೊಂದು ಕ್ರಮವಿತ್ತು. ದೊಡ್ಡಮ್ಮ ವೀರಮ್ಮ ಮೊದಲು ಹಗ್ಗದಲ್ಲಿ ದೀಪ ಇಳಿಸುವಳು. ದೀಪ ಆರದಿದ್ದರೆ ಒಳಗಿನ ಗಾಳಿ ಒಳ್ಳೆಯದೆಂದು ದೊಡ್ಡಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವರು. ಅವರು ಕೆಳಗಿರುವಷ್ಟು ಹೊತ್ತೂ ಆಕೆ ಬಾಯಿಯ ಬಳಿ ಕುಳಿತು ಕರೆಯುವಳು: "ಇದೀರೇನ್ರೀ?" ಒಳಗಿನಿಂದ, "ಇದೀನಿ ಕಣೇ." ಉತ್ತರ ಬರದಿದ್ದರೆ ಹಗ್ಗ ಎಳೆಯಬೇಕು. ಬೇರೆ ಹೊತ್ತಿನಲ್ಲಿ ಆ ಗಂಡಹೆಂಡಿರು ಅಷ್ಟು ಮಾತಾಡಿದ್ದನ್ನು ನಾನು ಕಂಡವನಲ್ಲ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡಳು. ಹಗೇವಿನಲ್ಲಿದ್ದುದು ಆಕೆ ಕೊನೆಯದಾಗಿ ತುಂಬಿಸಿದ ಜೋಳ. ದೊಡ್ಡಪ್ಪ ಬಂಡೆ ಮುಟ್ಟಗೊಡಲಿಲ್ಲ. ಅದರ ಮೇಲೆಯೇ ಕೂರುತ್ತಿದ್ದರು. ಈ ಸಲ ಬಂಡೆಯ ಸಂದಿಯಿಂದ ನುಸಿ ಹೊರಟಿತು. ಒಂದೊಂದನ್ನೇ ಬೆರಳಲ್ಲಿ ಒರೆಸುತ್ತ, "ಆಕೆ ತುಂಬಿದ ಜೋಳ ಕಣಪ್ಪ. ತಿಂತಾ ಅವೆ" ಎಂದರು. ಅಳುವವರನ್ನು ಸಮಾಧಾನಪಡಿಸಲು ನನಗೆ ಬಾರದು. ದ್ರಾವಕ ತರಿಸಲು ಬರುತ್ತದೆ. ತರಿಸಿದೆ.

ಸೀಸೆಯ ಜೊತೆ ಬಂದ ಚೀಟಿಯನ್ನು ಹೆಂಡತಿ ದಾಕ್ಷಾಯಣಿಗೆ ಕನ್ನಡದಲ್ಲಿ ಓದಿ ಹೇಳಿದೆ: "ಬೆಂಕಿ ಸೋಕಿಸಬಾರದು. ಆವಿಯನ್ನು ಬಹಳ ಹೊತ್ತು ಸೇವಿಸಬಾರದು."

"ಬಹಳ ಹೊತ್ತು ಅಂದ್ರೆ ಎಷ್ಟೊತ್ತು?"

"ಬಹಳ ಅಂದರೆ ಬಹಳ!"

"ನೀವು ಜಳಕಕ್ಕೆ ಹೋದಷ್ಟಾ, ನಾನು ನಿಮಗೆ ಊಟಕ್ಕೆ ಕಾದಷ್ಟಾ?"

"ಲೇ, ಸೀಮೆಯ ಪಂಡಿತರಿಗೇ ಇಲ್ಲದ ಅನುಮಾನ ನಿನಗ್ಯಾಕೆ?"

"ಅವರು ಹಗೇವಿಗೆ ಇಳಿಯಾಕಿಲ್ಲವಲ್ಲ, ಅದಕ್ಕೆ."

ದೊಡ್ಡಪ್ಪನನ್ನು ಹೇಗೋ ಒಪ್ಪಿಸಿ, ಬಾಯಿಯಿಂದಲೇ ಹಗ್ಗದಲ್ಲಿ ತಟ್ಟೆಗಳನ್ನಿಳಿಸಿ ಜೋಳದ ಮೇಲೆ ದ್ರಾವಕವಿಟ್ಟು, ಬಂಡೆ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿಸಿದೆ. ಕೆಲವು ದಿನ ಬಿಟ್ಟು, ಒಂದು ಮುಂಜಾನೆ ತೆಗೆಸಿದೆ. ಬಿಸಿಲೇರುವ ತನಕ ಗಾಳಿಯಾಡಲು ಬಿಟ್ಟು, ಬಾಯಿಯ ಬಳಿ ಮಂಡಿಯೂರಿ ಮೂಸಿದೆ. ನಾತವೇ ಇಲ್ಲ! "ದಿಗ್ವಿಜಯ!" ಎಂದು ಸಾರಿದೆ. ಆ ಆವಿ ಗಾಳಿಗಿಂತ ತೂಕದ್ದು. ನಮ್ಮ ಕೆಲವು ನೆಂಟರಂತೆ, ತಳದಲ್ಲಿ ಕುಳಿತುಬಿಟ್ಟರೆ ಬಾಗಿಲು ತೆರೆದಿಟ್ಟರೂ ಏಳುವುದಿಲ್ಲ. ಬಾಗಿಲಲ್ಲಿ ಮೂಸಿದವನಿಗೆ ಅದು ತಿಳಿಯುವುದೆಂತು?

ದಾಕ್ಷಾಯಣಿ ವಾಡಿಕೆಯಂತೆ ದೀಪ ಹಚ್ಚಿ ತಂದಳು. ನಾನು ಹಾರಿ ಬಿದ್ದೆ. "ಬೆಂಕಿಯಾ! ಊರಿಗೂರೇ ಹಾರಿ ದುರ್ಗದ ಕೋಟೆ ಮೇಲೆ ಬಿದ್ದೀತು! ಆರಿಸು!" ಹಗ್ಗ ಹಿಡಿಯಲು ಬಂದಿದ್ದ ಆಳು ಬೋರಣ್ಣನ ಬಾಯಿಂದ ಬೀಡಿ ಕಿತ್ತು ನೀರಿಗೆಸೆದೆ. ದೀಪದ ಜೊತೆಗೆ ದೀಪ ಹೇಳುವ ಮಾತನ್ನೂ ಆರಿಸುತ್ತಿದ್ದೇನೆಂದು ಹೊಳೆಯಲಿಲ್ಲ.

"ಕಾಳು ನೋಡಾಕೆ ನಾನೇ ಇಳೀತೀನಿ" ಎಂದರು ದೊಡ್ಡಪ್ಪ. "ಆಕೆ ತುಂಬಿದ್ದನ್ನ ಇನ್ನೊಬ್ಬರು ತುಳಿಯಾದು ಬ್ಯಾಡ."

ಇಳಿದರು. ನಾನು ಬಾಯಿಯ ಬಳಿ ನಿಂತು, ಸೇರಿದ್ದವರಿಗೆಲ್ಲ ರಸಾಯನಶಾಸ್ತ್ರದ ಮಹಿಮೆ ವರ್ಣಿಸತೊಡಗಿದೆ. ವರ್ಣನೆ ಚೆನ್ನಾಗಿತ್ತು. ಅದರ ನಡುವೆ ಒಳಗಿನಿಂದ ದೊಡ್ಡಪ್ಪನ ದನಿ ಕೇಳಿತು, ತುಂಬ ಮೆಲ್ಲಗೆ:

"ಇದೀನಿ ಕಣೇ."

ದಾಕ್ಷಾಯಣಿ ನನ್ನ ತೋಳು ಹಿಡಿದಳು. "ಯಾರ್ರೀ ಕರೆದ್ರು?"

ಯಾರೂ ಕರೆದಿರಲಿಲ್ಲ. ಕರೆಯಬೇಕಾದವನು ನಾನು, ಭಾಷಣದಲ್ಲಿದ್ದೆ.

"ಇದೀನಿ ಕಣೇ, ವೀರೀ... ಜೋಳ ಚೆನ್ನಾಗೈತೆ. ನೀನು ಹೆಂಗಿದೀಯಾ?" ಆಮೇಲೆ ಒಂದು ನಗೆ. ದೊಡ್ಡಮ್ಮ ಹೋದಮೇಲೆ ಅವರು ನಕ್ಕದ್ದನ್ನು ನಾವು ಕೇಳಿರಲಿಲ್ಲ.

"ಎಳಿಯಲೇ ಬೋರಾ!" ಎಂದು ಕೂಗಿದವಳು ದಾಕ್ಷಾಯಣಿ.

ಮೇಲೆ ಬಂದವರು ತೂರಾಡುತ್ತಿದ್ದರು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು. ಹಗ್ಗ ಹಿಡಿದ ಬೋರಣ್ಣನನ್ನು ನೂಕುತ್ತ, "ಬಿಡ್ರೋ, ಆಕೆ ಕರೀತಾ ಅವಳೆ! ಜವಾಬು ಕೊಡದಿದ್ರೆ ಗಾಬರಿಯಾಗ್ತಾಳೆ!" ಎಂದು ಮತ್ತೆ ಹಗೇವಿನ ಕಡೆಗೇ ಹೊರಟರು.

"ಶಿವನೇ! ಅಜ್ಜಪ್ಪಾರು ಕುಡಿದವ್ರೆ!" ಎಂದಳು ಪಕ್ಕದ ಮನೆಯ ಬರಗೇರಮ್ಮ. ಹೆಂಡದಂಗಡಿಯ ಬೀದಿ ತಪ್ಪಿಸಲು ಊರು ಸುತ್ತಿ ಹೋಗುವ ಶಿವಭಕ್ತರಿಗೆ ನನ್ನ ಒಂದು ಸೀಸೆಯಿಂದ ಬಂದ ಬಿರುದು!

ಬೇವಿನ ನೆರಳಲ್ಲಿ ಮಲಗಿಸಿದೆವು. ವಾಂತಿಯಾಯಿತು, ತಲೆನೋವು ಬಂತು. ಅಮಲು ಇಳಿಯಿತು. ಅಮಲಿನ ಜೊತೆಗೆ ಮುಖದಲ್ಲಿದ್ದ ಗೆಲುವೂ ಇಳಿಯಿತು. ಆಮೇಲೆ ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಿತವಾಗುತ್ತಿತ್ತು. ಆ ಕೊರತೆಯನ್ನು ದಾಕ್ಷಾಯಣಿ ತುಂಬಿದಳು:

"ನಿಮ್ಮ ವಿಜ್ಞಾನಕ್ಕೆ ದೀಪ ಬ್ಯಾಡ, ಸರಿ. ಕರೆಯಾಕೆ ಬಾಯಿನೂ ಬ್ಯಾಡಾಗಿತ್ತಾ?"

ಮಾರನೆಯ ದಿನವೆಲ್ಲ ಹಗೇವು ಬಾಯಿ ತೆರೆದು ಬಿದ್ದಿತ್ತು. ಅದರ ಮರುದಿನ ಬಾಯಿಯಿಂದಲೇ ಬುಟ್ಟಿ ಬಿಟ್ಟು ಕಾಳೆತ್ತಿ ಬಿಸಿಲಿಗೆ ಹರವಿದೆವು. ಹುಳುಗಳೆಲ್ಲ ಸತ್ತಿದ್ದವು. ಜೋಳ ಉಳಿದಿತ್ತು. ಯಾರೂ ನನ್ನನ್ನು ಹೊಗಳಲಿಲ್ಲ.

ದೊಡ್ಡಪ್ಪ ಬಂಡೆಯ ಮೇಲೆ ಕುಳಿತು ಕಾಳಿನಿಂದ ಸತ್ತ ನುಸಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಎಂದಿನಂತೆ ವಿಜ್ಞಾನವೇ ಬಂತು.

"ದೊಡ್ಡಪ್ಪ, ಆ ಚೀಟಿಯಾಗೆ 'ಬಹಳ ಹೊತ್ತು' ಅಂತಷ್ಟೇ ಐತೆ. ಅಂಗಡಿಯವ್ರಿಗೆ ಬರೆದು ತಿದ್ದಿಸ್ತೀನಿ. ಇಳಿದವರು ನೀವು, ನೀವೇ ಹೇಳ್ರಿ. ಎಷ್ಟು ಹೊತ್ತಾದ್ಮೇಲೆ 'ಇನ್ನು ಸಾಕು, ಮೇಲೆ ಹೋಗಾಣ' ಅನ್ನಿಸ್ತು?"

ದೊಡ್ಡಪ್ಪ ಇನ್ನೊಂದು ನುಸಿಯನ್ನು ಆರಿಸಿ ಪಕ್ಕಕ್ಕಿಟ್ಟರು.

"ಅನ್ನಿಸ್ಲಿಲ್ಲಪ್ಪ."