ಹಾಲೂಡಿಸುವ ಕೋಣೆಯ ಬೀಗಕ್ಕೆ

ಮಾನ್ಯ ಬೀಗದವರೇ,

ನಮ್ಮಕ್ಕ ದುಡಿಯುವ ಹೊಲಿಗೆ ಕಾರ್ಖಾನೆಯಲ್ಲಿ, ತಾಯಂದಿರು ಹಾಲೂಡಿಸಲೆಂದೇ ಕಟ್ಟಿಸಿದ ಕೋಣೆಯ ಬಾಗಿಲನ್ನು ವರ್ಷದಿಂದ ಹಲ್ಲು ಕಚ್ಚಿ ಕಾಯುತ್ತಿರುವ ತಮಗೆ, ಹತ್ತನೇ ಕ್ಲಾಸಿಗೇ ಓದು ಮುಗಿಸಿ ಯಾವ ಕೆಲಸದಲ್ಲೂ ತಿಂಗಳು ನಿಲ್ಲದ ನಾನು ತಲೆಬಾಗಿ ನಮಸ್ಕರಿಸುತ್ತೇನೆ.

ಬಾಣಂತನದ ರಜೆ ಮುಗಿಸಿ ಅಕ್ಕ ಮತ್ತೆ ಮೆಷಿನ್ನಿಗೆ ಕೂತಂದಿನಿಂದ, ದಿನಾ ಊಟದ ಬಿಡುವಿಗೆ ಅವಳ ಐದು ತಿಂಗಳ ಮಗಳನ್ನು ಎತ್ತಿಕೊಂಡು ಗೇಟಿಗೆ ಬರುವವನು ನಾನೇ. ಆದರೆ ಅದೇ ಹೊತ್ತಿಗೆ ಸೂಪರ್‌ವೈಸರ್ ಊಟಕ್ಕೆ ಹೊರಡುತ್ತಾರೆ, ತಮ್ಮ ಬೀಗದ ಕೈಯೂ ಅವರ ಜೊತೆ ಊಟಕ್ಕೆ ಹೋಗುತ್ತದೆ. "ಒಳಗೆ ಹೊಸ ಸೋಫಾ ಇದೆ ಕಣಮ್ಮಾ, ಹಾಲು ಗೀಲು ಚೆಲ್ಲಿದ್ರೆ ಯಾರು ಒರೆಸ್ತಾರೆ?" ಎಂದು ಅವರು ಕೇಳಿದಾಗಲೇ, ಹಾಲೂಡಿಸುವ ಕೋಣೆಗೆ ಹಾಲಿನಿಂದಲೇ ಅಪಾಯವೆಂದು ನಮ್ಮ ದಡ್ಡ ತಲೆಗೆ ಹೊಳೆದದ್ದು. ಹಾಗಾಗಿ ಅಕ್ಕ ಸೈಕಲ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದಳು. ನಾನು ಬೆನ್ನು ತಿರುಗಿಸಿ, ಛತ್ರಿ ಬಿಚ್ಚಿ, ಗೋಡೆಯಾಗಿ ನಿಲ್ಲುತ್ತಿದ್ದೆ. ನಾನು ಜೀವನದಲ್ಲಿ ನಿಂತ ಒಂದೇ ಕೆಲಸ ಅದು.

ತಪಾಸಣೆಗೆ ದೊಡ್ಡವರು ಬಂದ ದಿನ ಮಾತ್ರ ತಾವು ಬಾಯಿ ಬಿಟ್ಟಿರಿ. ಫೋಟೋಗೆಂದು ಅಕ್ಕನನ್ನು ಸೋಫಾದಲ್ಲಿ ಕೂರಿಸಿದರು. ಸೈಕಲ್ ಸ್ಟ್ಯಾಂಡಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದಿದ್ದ ಮಗು, "ಕುಡಿಯಮ್ಮಾ ಕಂದಾ, ಸಾಹೇಬ್ರು ನೋಡ್ತಿದಾರೆ" ಎಂದು ಮ್ಯಾನೇಜರ್ ಎಷ್ಟು ಬೇಡಿಕೊಂಡರೂ ಕುಡಿಯಲಿಲ್ಲ. ಕುಡಿದದ್ದನ್ನೂ ಸೋಫಾಕ್ಕೇ ಒಪ್ಪಿಸಿತು. ಮರುದಿನವೇ ತಮ್ಮ ಪಕ್ಕದಲ್ಲಿ ಎರಡನೇ ಬೀಗ. ತಮಗೊಬ್ಬ ತಮ್ಮ ಹುಟ್ಟಿದ್ದಕ್ಕೆ ಅಭಿನಂದನೆಗಳು.

ಈಗ ಆ ಸ್ಟ್ಯಾಂಡಿಗೂ ಸರಪಳಿ ಹಾಕಿದ್ದಾರೆ. "ಡಬ್ಬಿ ಹಾಲು ಹಾಕಿ ಸುಮ್ನಿರು" ಎಂದು ಸೂಪರ್‌ವೈಸರ್ ಉಪದೇಶಿಸಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ರವಿಕೆ ನೆನೆದು ಹೋಗುತ್ತಿದ್ದದ್ದು ಈ ವಾರ ನೆನೆಯುತ್ತಿಲ್ಲ. "ಬತ್ತಿ ಹೋಗತ್ತೇನೋ ಕಣೋ" ಎಂದಳು.

ಆದ್ದರಿಂದ ತಮ್ಮಲ್ಲಿ ಕೋರುವುದಿಷ್ಟೇ: ದಿನಕ್ಕೆ ಅರ್ಧ ಗಂಟೆ ತೆರೆದುಕೊಳ್ಳಿ. ಅದಾಗದಿದ್ದರೆ, ಮಗುವನ್ನು ತಾವೇ ಮಡಿಲಿಗೆ ಹಾಕಿಕೊಂಡು ತಮ್ಮ ಹಿತ್ತಾಳೆ ಎದೆಯಿಂದ ಎರಡು ಗುಟುಕು ಕುಡಿಸುವ ಕೃಪೆ ಮಾಡಿ.

ಬಾಗಿಲಾಚೆಯ ತಮ್ಮ ವಿಶ್ವಾಸಿ,
ಮಗುವಿನ ಸೋದರಮಾವ

ಮರೆತ ಮಾತು: ತಾಯಿಹಾಲು ಕುಡಿದ ಮಕ್ಕಳು ಮುಂದೆ ಚುರುಕಾಗುತ್ತಾರೆಂದು ತಮ್ಮ ತಲೆಯ ಮೇಲೇ ಬೋರ್ಡು ಬರೆಸಿದ್ದಾರೆ. ನಿಜ ಸ್ವಾಮಿ. ಸೂಪರ್‌ವೈಸರ್ ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತಾ ಹೊರಗೆ ಹೋಗುವ ಹೊತ್ತಿಗೇ ದಿನಾ ಹಾಲು ಸಿಗುತ್ತಿದ್ದದ್ದರಿಂದ, ಆ ಸದ್ದು ಕೇಳಿದರೆ ಸಾಕು, ನಮ್ಮ ಮಗು ಬಾಯಿ ತೆರೆಯುತ್ತದೆ. ಆ ಬೀಗದ ಕೈ ಯಾತಕ್ಕಿದೆಯೆಂದು ಐದು ತಿಂಗಳಿಗೇ ಅದಕ್ಕೆ ತಿಳಿದಿದೆ. ಸೂಪರ್‌ವೈಸರಿಗೆ ಯಾವ ವಯಸ್ಸಿಗೆ ತಿಳಿಯುತ್ತದೋ, ಬೋರ್ಡಿನಲ್ಲಿ ಬರೆದಿಲ್ಲ.