ಮಾಮನ ಕಣ್ಣೊಳಗಿನ ನೊಣಗಳು

ಯಾರ ಕಣ್ಣಿಗೂ ಬೀಳದ ನೊಣಗಳನ್ನು ಎರಡು ವರ್ಷ ಬೆನ್ನಟ್ಟಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಅಂಥವರು ಜಗತ್ತಿಗೆ ಒಬ್ಬರೇ, ಅವರು ನನ್ನ ಸೋದರಮಾವ! ಅವರ ಹಿಂದೆ ತಿರುಗಿ ನಾನು ಪಟ್ಟ ದಣಿವು ಮಾತ್ರ ಎಲ್ಲರ ಕಣ್ಣಿಗೂ ಬೀಳುವಂಥದ್ದು.

ನಿಜಾಮರ ಸರಕಾರ ಹೋಗಿ, ಮಹಾರಾಷ್ಟ್ರ ಇನ್ನೂ ಹುಟ್ಟಬೇಕಾಗಿದ್ದ ವರ್ಷಗಳವು. ದೇವಣಿಯ ಸುತ್ತ ಯಾರೇ ಎತ್ತು ಕೊಳ್ಳಲಿ, ಮೊದಲು ಮಾಮನಿಗೆ ಕರೆ ಬರುತ್ತಿತ್ತು. ಇಪ್ಪತ್ತು ಮಾರು ದೂರದಿಂದಲೇ ಗೊರಸು, ಬೆನ್ನು, ಸ್ವಭಾವ ಎಲ್ಲ ಹೇಳಿಬಿಡುವ ಕಣ್ಣು! ಆ ಕಣ್ಣೇ ಅವರ ಮಾನ.

ಒಮ್ಮೆ ಉದಗೀರದ ದನದ ಸಂತೆಯಲ್ಲಿ ಜಳಕೋಟದ ರೈತನೊಬ್ಬ ಹಾಲಿನಂಥ ಬಿಳಿ ಎತ್ತನ್ನು ಬಿಸಿಲಿಗೆ ನಿಲ್ಲಿಸಿದ್ದ. ಮಾಮ ಹುಬ್ಬು ಗಂಟಿಕ್ಕಿದರು.

"ಬಿಳಿ ಎತ್ತ ಅಂದ್ಯಲ್ಲೋ? ಹೊಟ್ಟಿ ಮ್ಯಾಲ ಕರಿ ಚುಕ್ಕಿ ಅವ."

"ಎಲ್ಲವ್ರೀ ಕಾಕಾ?"

"ಇಲ್ಲಿ... ಅಲ್ಲಲ್ಲ, ಈಗ ಬೆನ್ನಿಗಿ ಹೋದ್ವು!"

"ಚುಕ್ಕಿ ತಿರಗಾಡ್ತಾವೇನ್ರಿ? ನಿಮ್ಮ ನಜರ್ ಠೀಕ ಅದ ಇಲ್ಲೋ?"

ಸಂತೆಯೇ ನಕ್ಕಿತು. "ಹಂಗಾರ ನೊಣ!" ಎಂದು ತೀರ್ಮಾನಿಸಿದ ಮಾಮ ಹೆಗಲ ವಸ್ತ್ರದಿಂದ ಎತ್ತಿಗೊಂದು ಬಾರಿಸಿದರು. ಎತ್ತು ಒದ್ದದ್ದು ಯಾರಿಗೆ? ನನಗೆ!

ಅದಾಗಿ ವಾರವಾಗಿಲ್ಲ, ಮುಸ್ಸಂಜೆ ಕಟ್ಟೆಯ ಮೇಲೆ ಕೂತಿದ್ದ ಮಾಮ ಜಿಗಿದೆದ್ದರು. "ಮಿಂಚ್ತು! ಮಾಳಗಿ ಮ್ಯಾಲಿನ ಮೆಣಸಿನಕಾಯಿ ತೆಗೀರಿ!" ಇದ್ದಬಿದ್ದವರೆಲ್ಲ ಏಣಿ ಹತ್ತಿ, ಸೀನುತ್ತ ಸೀನುತ್ತ ಬಾಚಿ ತಂದೆವು. ಆಕಾಶದಲ್ಲಿ ಮುಷ್ಟಿಯಷ್ಟೂ ಮೋಡವಿಲ್ಲ.

"ಮಳಿ ಎಲ್ಲದರೀ?" ಎಂದಳು ಅತ್ತೆ.

"ಮತ್ತ ಮಿಂಚ್ತು ನೋಡು, ಬಲಕ್ಕ!"

"ನಿಮ್ಮ ಕಣ್ಣಾಗೇ ಮಿಂಚಿರಬೇಕು!"

ಅತ್ತೆ ಸಿಟ್ಟಿನಲ್ಲಿ ಅಂದದ್ದನ್ನೇ ಮರುದಿನ ಉದಗೀರದ ಡಾಕ್ಟರು ಶಾಂತವಾಗಿ ಅಂದರು. ಕಣ್ಣಿಗೆ ಹನಿ ಬಿಟ್ಟು, ದೀಪ ಹಿಡಿದು ಒಳಗೆಲ್ಲ ನೋಡಿ, ಪದರ ಎಲ್ಲೂ ಹರಿದಿಲ್ಲವೆಂದು ಹೇಳಿದ ಮೇಲೆ ಬಿಡಿಸಿ ತಿಳಿಸಿದರು.

"ಕಣ್ಣಿನೊಳಗ ಲೋಳಿ ಇರ್ತದ ಕಾಕಾ. ವಯಸ್ಸಾದಂಗ ಕುಗ್ಗಿ ಎಳಿ ಎಳಿ ಆಗ್ತದ. ಆ ಎಳಿ ನೆರಳೇ ನಿಮ್ಮ ನೊಣ. ಲೋಳಿ ಹಿಂದಿನ ಪದರ ಜಗ್ಗಿದಾಗ ಮಿಂಚ ಕಾಣ್ತದ."

"ಔಷಧ ಕೊಡ್ರಿ ಮತ್ತ."

"ಔಷಧ ಇಲ್ಲ. ಕಣ್ಣು ಮ್ಯಾಲ ಕೆಳಗ ಆಡಸ್ರಿ, ಅತ್ತತ್ತ ಸರೀತಾವ. ರೂಢಿ ಆಗ್ತದ."

"ಔಷಧ ಇಲ್ಲದ ರೋಗಕ್ಕ ಡಾಕ್ಟರ್ ಯಾಕ ಬೇಕ್ರಿ?"

ನಗುತ್ತಿದ್ದ ಡಾಕ್ಟರು ಬೆರಳೆತ್ತಿದರು. "ಅದಕ್ಕೇ ಬೇಕು, ಕೇಳ್ರಿ. ನೊಣ ಒಮ್ಮೆಲೇ ಹಿಂಡಾದ್ರ, ಮಿಂಚು ಹೆಚ್ಚಾದ್ರ, ಬಾಜೂದಿಂದ ಪರದೆ ಬಿದ್ದಂಗಾದ್ರ ಅವತ್ತೇ ಸೋಲಾಪುರದ ದೊಡ್ಡ ದವಾಖಾನಿಗಿ ಹೋಗ್ರಿ. ತಡ ಆದ್ರ ಕಣ್ಣು ಹೋಗ್ತದ."

ಇಷ್ಟು ಸಾಕಾಯಿತು ಮಾಮನಿಗೆ! ಮರುದಿನದಿಂದ ಬೆಳಗಾದರೆ ಮನೆಯ ಬಿಳಿ ಎತ್ತಿನ ಮುಂದೆ ಹಾಜರು. ಒಂದು ಕಣ್ಣು ಮುಚ್ಚಿ, "ಎಡಕ್ಕ ಮೂರು." ಇನ್ನೊಂದು ಮುಚ್ಚಿ, "ಬಲಕ್ಕ ಐದು." ಸಾಕ್ಷಿಗೆ ನಾನು. ಎತ್ತಿಗೂ ಬೇಸರ, ನನಗೂ ಬೇಸರ.

"ಮಾಮಾ, ಹೊಲಕ್ಕ ಹೋಗೂದದ!"

"ನಿಂದರಲೇ ಅಳಿಯಾ, ಒಂದು ನೊಣ ತಪ್ಪಿಸ್ಕೊಂಡದ!"

ಹೀಗೆ ಎರಡು ವರ್ಷ. ಒಂದು ಬೆಳಗ್ಗೆ ನಾನು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ ನಿಂತಿದ್ದೆ.

"ಅಳಿಯಾ, ಎತ್ತಿನ ಹಿಂಭಾಗ ಎಲ್ಲದ?"

"ಮುಂಭಾಗದ ಹಿಂದ ಅದ, ಮಾಮಾ."

ಮಾಮ ಬೈಯಲಿಲ್ಲ. ಎಡಗಣ್ಣು ಮುಚ್ಚಿಕೊಂಡೇ ಎತ್ತಿನ ಹೆಗಲ ಮೇಲೆ ಕೈಯಿಟ್ಟು, ಸವರುತ್ತ ಸವರುತ್ತ ಬಾಲದವರೆಗೆ ಹೋದರು. "ಮುಟ್ಟಿದ್ರ ಅದ," ಎಂದರು ಮೆಲ್ಲಗೆ. "ನೋಡಿದ್ರ ಇಲ್ಲ."

ಡಾಕ್ಟರು ಹೇಳಿದ್ದ ಪರದೆ! ಕಡ್ಡಿ ಬಿಸಾಡಿ ಅತ್ತೆಯನ್ನು ಕೂಗಿದೆ.

ಅಂದೇ ಬಂಡಿ ಕಟ್ಟಿ, ಮೋಟಾರು ಹಿಡಿದು ಮೂವರೂ ಸೋಲಾಪುರ ಸೇರಿದೆವು. "ಲಗೂ ಬಂದೀರಿ, ಆಸೆ ಅದ. ಆದ್ರ ಮಾತು ಕೊಡಲಾರೆ," ಎಂದು ಅಲ್ಲಿನ ಡಾಕ್ಟರು ಶಸ್ತ್ರಕ್ರಿಯೆ ಮಾಡಿದರು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಅಕ್ಕಪಕ್ಕ ಮರಳಿನ ಚೀಲ, ಅಲುಗಾಡಕೂಡದು. ಒಂದು ಗಳಿಗೆ ಸುಮ್ಮನೆ ಕೂಡದ ಮನುಷ್ಯ ಎರಡು ದಿನ ಕದಲದೆ ಮಲಗಿದರು. ಬೇಕಾಗಿದ್ದ ವಿಶ್ರಾಂತಿ ಸಿಕ್ಕಿತ್ತು ನನಗೆ. ಒಂದಿಷ್ಟೂ ರುಚಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮೆಲ್ಲಗೆ ಕೇಳಿದರು: "ಅಳಿಯಾ, ನಿಮ್ಮತ್ತಿ ಅಳ್ಲಾಕತ್ಯಾಳೇನು?"

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, ಹೇಳಬೇಡವೆಂದು ನನಗೆ ಕೈಮಾಡಿದಳು.

"ಇಲ್ಲ ಮಾಮಾ, ನಗ್ಲಾಕತ್ಯಾಳ."

"ಪಟ್ಟಿ ಬಿಚ್ಚೋ ದಿನ ಮೊದಲ ಆಕಿನ್ನ ನನ್ನ ಎದುರಿಗಿ ನಿಲ್ಲಸು," ಎಂದರು. "ಆಕಿ ಒಬ್ಬಾಕಿ ಕಂಡ್ರ ಸಾಕು."

ಹಾಗೆಂದು ಗಾಳಿಯಲ್ಲಿ ಕೈ ಚಾಚಿದರು, ಅತ್ತೆ ಕೂತದ್ದರ ವಿರುದ್ಧ ದಿಕ್ಕಿಗೆ. ಅತ್ತೆ ಸದ್ದಿಲ್ಲದೆ ಎದ್ದು, ಮಂಚ ಸುತ್ತಿ ಬಂದು, ಆ ಕೈಯೊಳಗೆ ತನ್ನ ಒದ್ದೆ ಕೆನ್ನೆಯನ್ನಿಟ್ಟಳು.