ಹಿತ್ತಿಲ ಸೌನಾದಲ್ಲಿ ಝೆನ್ ಧ್ಯಾನ

ಕೋಪವನ್ನು ಬಿಟ್ಟೇ ಬಿಡುತ್ತೇನೆ ಅಂತ ನಾನು ಘೋಷಿಸಿದ್ದು ಮಹಾ ಕೋಪದಲ್ಲೇ!

ಕಾರಣ ಇತ್ತು. ನಮ್ಮ ಆಫೀಸಿನ ದೂರು ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ದಿನವಿಡೀ ಗಿರಾಕಿಗಳು ಬಂದು ಅರಚುತ್ತಾರೆ, ನಗುತ್ತಾ ಕೇಳಿಸಿಕೊಳ್ಳಬೇಕು. ಆ ಕುರ್ಚಿಗಾಗಿ ನಾನು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಆದರೆ ಆಫೀಸಿನಲ್ಲಿ ನನ್ನ ಅಡ್ಡಹೆಸರು 'ಸಿಡಿಮದ್ದು'! ಇಟ್ಟವಳು ಅಲ್ಲೇ ಟಪಾಲು ನೋಡಿಕೊಳ್ಳುವ ನನ್ನ ಹೆಂಡತಿ.

"ನೋಡ್ತಾ ಇರು! ಹಿತ್ತಿಲ ಮರದ ಕೆಳಗೆ ಸೌನಾ ಕಟ್ತೀನಿ. ಹಬೇಲಿ ಮೈ ಕೊಳೆ ಹೋಗುತ್ತೆ, ಝೆನ್ ಧ್ಯಾನದಲ್ಲಿ ಮನಸ್ಸಿನ ಕೊಳೆ ಹೋಗುತ್ತೆ. ಆಫೀಸಿನ ಸಾಹೇಬರನ್ನೂ ಕರೀತೀನಿ. ನನ್ನ ಶಾಂತಿ ಅವರು ಕಣ್ಣಾರೆ ನೋಡಲಿ!"

"ಕಟ್ಟೋರು ಯಾರು?"

"ನಾನೇ!"

"ಅಯ್ಯೋ ದೇವರೇ!"

ಆದರೂ ಕಟ್ಟಿದೆ. ಪುಟ್ಟ ಮರದ ಕೋಣೆ, ಒಳಗೊಂದು ಒಲೆ, ಒಲೆಯ ಮೇಲೆ ಕಲ್ಲು. ಕಲ್ಲಿಗೆ ನೀರು ಚಿಮುಕಿಸಿದರೆ ಭುಸ್ಸಂತ ಹಬೆ! ಪ್ರಕೃತಿಯ ಮಡಿಲಲ್ಲಿ ಧ್ಯಾನವಾಗಬೇಕಲ್ಲ, ಹಸಿರು ಕಾಣೋಕೆ ಗಾಜಿನ ಕಿಂಡಿ. ಬಾಗಿಲನ್ನಂತೂ ಕೂದಲೆಳೆಯಷ್ಟೂ ಸಂದಿ ಬಿಡದೆ ಕೂರಿಸಿದೆ.

ಭಾನುವಾರ ಸಾಹೇಬರು ಬಂದರು. ಇಬ್ಬರೂ ಟವೆಲ್ ಸುತ್ತಿಕೊಂಡೆವು. ಒಳಗೆ ಹೋಗುವ ಮುನ್ನ ಹೆಂಡತಿಗೆ ಗಂಭೀರವಾಗಿ ಅಪ್ಪಣೆ ಕೊಟ್ಟೆ: "ಧ್ಯಾನಕ್ಕೆ ಕೂತಾಗ ಮನಸ್ಸು ಮಂಗನಾಟ ಆಡುತ್ತೆ. ಒಳಗಿಂದ ಏನೇ ಕೂಗಿದ್ರೂ ಬಾಗಿಲು ತೆಗೀಬೇಡ. 'ಉಸಿರು ಗಮನಿಸಿ' ಅನ್ನು, ಸಾಕು."

"ಆಗಲಿ," ಅಂದಳು. ನನ್ನ ಮಾತಿಗೆ ಅವಳು ಒಂದೇ ಸಲಕ್ಕೆ ಒಪ್ಪಿದ್ದು ಅದೇ ಮೊದಲು. ಆಗಲೇ ನಾನು ಹೆದರಬೇಕಿತ್ತು!

ನೀರು ಚಿಮುಕಿಸಿದೆ. "ಆಹಾ!" ಅಂದರು ಸಾಹೇಬರು. ನಾನು ಉಬ್ಬಿಹೋಗಿ ಬಕೆಟ್ಟನ್ನೇ ಬಗ್ಗಿಸಿದೆ. "ಅಯ್ಯಯ್ಯೋ! ಸಾಕು, ನಡೀರಿ ಹೊರಗೆ!" ಅಂದರು. ಬಾಗಿಲು ತಳ್ಳಿದೆ. ಹೆಗಲು ಕೊಟ್ಟು ನೂಕಿದೆ. ಊಹೂಂ! ಹಬೆ ಕುಡಿದ ಹಲಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು.

"ಬಾಗಿಲು ತೆಗಿಯೇ!"

ಹೊರಗೆ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದವಳು ತಣ್ಣಗೆ, "ಉಸಿರು ಗಮನಿಸಿ," ಅಂದಳು.

"ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿದೀವಿ ಕಣೇ!"

"ಮನಸ್ಸು ಹಾಗೇ ಅನ್ನುತ್ತೆ ರೀ."

"ನಿನ್ನ ತಲೆ! ಬೆಂದು ಹೋಗ್ತಿದೀನಿ!"

"ಕೊಳೆ ಹೋಗ್ತಿದೆ. ಒಳ್ಳೇದು."

ಆಗ ಸಾಹೇಬರೇ ಬಾಗಿಲು ಗುದ್ದಿದರು. "ಅಮ್ಮಾ! ತಾಯೀ! ನಾನು ಹೇಳ್ತಿದೀನಿ, ತೆಗೀರಿ! ಇಲ್ದಿದ್ರೆ ನಾಳೆನೇ ಕೆಲಸದಿಂದ ಓಡಿಸ್ತೀನಿ!"

"ನಿಮ್ಮ ಮನಸ್ಸೂ ಮಂಗನಾಟ ಶುರು ಮಾಡ್ತು ನೋಡಿ ಸರ್. ಉಸಿರು ಗಮನಿಸಿ."

ನಾನು ಬೆರಗಾಗಿ ಹೋದೆ. ಇವಳು ನನ್ನ ಹೆಂಡತಿಯೋ, ಯಾವ ಮಠದ ಗುರುವೋ! ಅರಚಿ ಅರಚಿ ಗಂಟಲು ಒಣಗಿ ಇಬ್ಬರೂ ನೆಲಕ್ಕೆ ಕುಸಿದೆವು. ಸದ್ದಡಗಿತು.

ತಕ್ಷಣ ಹೊರಗೆ ಬಟಾಣಿ ಚೆಲ್ಲಾಪಿಲ್ಲಿ! "ಅಯ್ಯೋ! ಇವರು ಬಾಯಿ ಮುಚ್ಚಿದ್ರು ಅಂದ್ರೆ ಏನೋ ಅನಾಹುತ ಆಗಿದೆ!" ಗೋಡೆಗೆ ಕಾಲು ಕೊಟ್ಟು ಅವಳು ಎಳೆದ ರಭಸಕ್ಕೆ ಬಾಗಿಲು ಕೀಲುಸಮೇತ ಕಿತ್ತು ಬಂತು. ನಾವಿಬ್ಬರೂ ಬೆಂದ ಬೀಟ್‌ರೂಟಿನ ಹಾಗೆ ಹುಲ್ಲಿನ ಮೇಲೆ ಉರುಳಿದೆವು.

ಸಾಹೇಬರು ಒಂದು ಚೊಂಬು ನೀರು ಗಟಗಟ ಕುಡಿದು ಅವಳ ಕಡೆ ತಿರುಗಿದರು. "ನಾವು ಅಷ್ಟು ಕೂಗಾಡಿದ್ರೂ ನಿಮಗೆ ಒಂಚೂರೂ ಕೋಪ ಬರಲಿಲ್ವಾ ಅಮ್ಮಾ?"

"ಅದರಲ್ಲೇನಿದೆ ಸರ್? ಮನೇಲಿ ದಿನಾ ಕೇಳ್ತೀನಲ್ಲ."

"ನಾಳೆಯಿಂದ ದೂರು ವಿಭಾಗ ನಿಮ್ಮದು!"

ನಾನು ದಂಗಾಗಿಹೋದೆ! "ಇದು ಅನ್ಯಾಯ!" ಅಂತ ಟವೆಲ್ ಬಿಗಿಹಿಡಿದು ಎದ್ದು ಅರಚಿದೆ.

ಹೆಂಡತಿ ನಗುನಗುತ್ತಾ ಹೇಳಿದಳು: "ದೂರು ಇದ್ರೆ ನಾಳೆ ಆಫೀಸಿಗೆ ಬಂದು ಸಾಲಲ್ಲಿ ನಿಂತ್ಕೊಳ್ಳಿ ರೀ!"